ಯಾರ ರಾತ್ರಿ

ಮಧ್ಯಾಹ್ನ ಮೂರೂ ಮುಕ್ಕಾಲಿಗೇ ದೀಪ ಹಚ್ಚುವ ಊರು ಡಂಡೀ.
ಚಳಿಗಾಲದಲ್ಲಿ ಇಲ್ಲಿ ರಾತ್ರಿಗೇನು ಬರವೇ?
ಆದರೂ ಎಣಿಸಬೇಕಂತೆ.

ಫೋನಿನಾಚೆಯವನು ಹೊಸಬನಿರಬೇಕು,
ಪ್ರಶ್ನೆಗೊಮ್ಮೆ ಕ್ಷಮಿಸಿ ಅನ್ನುತ್ತಿದ್ದ.
ತಂದೆಯ ಸಂಬಳ ಅವನಿಗೆ ಆಗಲೇ ಗೊತ್ತು,
ತೆರಿಗೆಯವರೇ ಕೊಟ್ಟಿದ್ದಾರೆ.
ಇನ್ನು ಉಳಿದದ್ದು ಇಷ್ಟೇ:
ವರ್ಷಕ್ಕೆ ಎಷ್ಟು ರಾತ್ರಿ ಮಗು ಅವರಲ್ಲಿ ಮಲಗುತ್ತದೆ?

ಐವತ್ತೊಂದು, ಅಂದೆ.
ಫ್ರಿಜ್ಜಿನ ಬಾಗಿಲ ಕ್ಯಾಲೆಂಡರಿನಲ್ಲಿ ಹಸಿರು ಸೊನ್ನೆಗಳು,
ಕರ್ಸ್ಟಿಯೇ ಸುತ್ತಿದ್ದು. ಕೆಲವಕ್ಕೆ ಮೀಸೆ.

ಐವತ್ತೆರಡಾಗಿದ್ದರೆ, ಕ್ಷಮಿಸಿ,
ಏಳರಲ್ಲೊಂದು ಪಾಲು ಕಡಿತವಾಗುತ್ತಿತ್ತು.

ಏಳರಲ್ಲೊಂದು ಪಾಲು ಎಷ್ಟೆಂದು ತಿಳಿಯಲು
ನನಗೆ ಮಗ್ಗಿ ಬೇಡ,
ಗ್ಯಾಸ್ ಮೀಟರಿನ ಕೆಂಪು ಅಂಕಿ ಸಾಕು,
ಹಿಮ್ಮಡಿಯಲ್ಲಿ ಬಾಯಿಬಿಟ್ಟ ಅವಳ ಎಡಗಾಲಿನ ಬೂಟು ಸಾಕು.

ಅಕ್ಟೋಬರಿನ ಒಂದು ಮಂಗಳವಾರ
ನಾನು ಬೇಕರಿಯ ರಾತ್ರಿಪಾಳಿಯಲ್ಲಿ, ಫೋನು ಲಾಕರಿನಲ್ಲಿ.
ಮಗು ಹೊಟ್ಟೆ ಹಿಡಿದು ಮುದುಡಿದಾಗ
ಪಕ್ಕದ ಮನೆಯ ಮಿಸೆಸ್ ಪಿಟ್ಕೇತ್ಲಿ ಡೂಗಲ್‌ಗೆ ಹೇಳಿ ಕಳಿಸಿದಳಂತೆ.
ಬಸ್ಸನ್ನು ಡಿಪೋದಲ್ಲಿ ಬಿಟ್ಟು, ಯೂನಿಫಾರ್ಮಿನಲ್ಲೇ ಬಂದವನು
ವಾರ್ಡಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ
ರೆಪ್ಪೆಗೆ ರೆಪ್ಪೆ ಹಚ್ಚದೆ ಬೆಳಗು ಮಾಡಿದ.
ಮೈತುಂಬ ಹಿಟ್ಟಾಗಿ ನಾನು ಓಡಿ ಬರುವಷ್ಟರಲ್ಲಿ
ಅವಳ ಅಪೆಂಡಿಕ್ಸ್ ಹೋಗಿತ್ತು,
ಅವನ ಟೋಪಿ ಅವಳ ತಲೆಯ ಮೇಲಿತ್ತು.

ಆಸ್ಪತ್ರೆಯ ರಾತ್ರಿಯಾದರೆ? ಕೇಳಿದೆ, ಸುಮ್ಮನೆ ಕೇಳುವವಳ ಹಾಗೆ.
ಅವತ್ತು ಯಾರ ಸರದಿ?
ನನ್ನದು.
ಹಾಗಾದರೆ ನಿಮ್ಮದೇ, ಅಂದ. ನಿಯಮ ಹಾಗಿದೆ.
ಕ್ಷಮಿಸಿ, ಬೇರೇನಾದರೂ ಹೇಳುವುದಿದೆಯೇ?

ಕೆಟಲು ಕುದಿದು ತಾನೇ ಆರಿತು.
ಆ ರಾತ್ರಿಯನ್ನು ಅವನು ಕಳೆದಿದ್ದ.
ನಾನೂ ಕಳೆದೆ, ಲೆಕ್ಕದಿಂದ.
ಇಲ್ಲ, ಅಂದೆ.

ಡೂಗಲ್ ಏನೂ ಕೇಳಲಿಲ್ಲ.
ಗೊತ್ತಿಲ್ಲವೆಂದು ಹೇಗೆ ನಂಬಲಿ,
ಹದಿನಾಲ್ಕು ವರ್ಷ ಬಸ್ಸಿನಲ್ಲಿ ಚಿಲ್ಲರೆ ಎಣಿಸಿದವನು.

ಶನಿವಾರ ಬಂದ. ಮೆಟ್ಟಿಲ ಮೇಲೆ ಮಂಡಿಯೂರಿ
ಹೊಸ ಬೂಟಿನ ದಾರ ಬಿಗಿದ,
ಎರಡೆರಡು ಗಂಟು, ಮೊದಲಿಂದಲೂ ಹಾಗೆಯೇ.
ಹೆಬ್ಬೆರಳಿನಿಂದ ತುದಿ ಒತ್ತಿ ನೋಡಿ
ಒಂದು ಸೈಜು ದೊಡ್ಡದಾಯಿತಲ್ಲ, ಅಂದ.
ಬೆಳೀತಾಳೆ, ಅಂದೆ.