ಚೆಕ್ಕುಬಂದಿ

ಬಾಣಸವಾಡಿಯ ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿಗೆ
ಒಂದು ಹೊಂಗೆ ಮರ, ಅದರಡಿ ನನ್ನ ಮೇಜು,
ಪಕ್ಕಕ್ಕೆ ನಯಾಜನ ಜೆರಾಕ್ಸ್ ಅಂಗಡಿ.
ಸರ್ವರ್ ಡೌನ್.
ಹನ್ನೊಂದರಿಂದ ಯಾರ ಹೆಬ್ಬೆಟ್ಟೂ ಬಿದ್ದಿಲ್ಲ.

ನಯಾಜನ ಮಗಳು ರುಮಾನ
ನನ್ನ ಮೇಜಿನ ಮೇಲೆ ಅಮೆರಿಕ ಹರಡಿಕೊಂಡಿದ್ದಾಳೆ.
ಭಾನುವಾರದ ಸಂತೆಯಲ್ಲಿ, ಹಳೇ ಚಾರ್ಜರುಗಳ ರಾಶಿಯ ಪಕ್ಕ,
ನಲವತ್ತು ರೂಪಾಯಿಗೆ ಸಿಕ್ಕ ಮರದ ತುಂಡುಗಳ ದೇಶ.
ರಾಜ್ಯಕ್ಕೊಂದು ತುಂಡು.
ಎಲ್ಲ ಕೂಡಿಸಿದ ಮೇಲೂ ಪಡುವಣದಲ್ಲಿ ಒಂದು ತೂತು.
ತೂತಿನೊಳಗೆ ನನ್ನ ಮೇಜಿನ ಇಂಕಿನ ಕಲೆ.

"ತಾತ, ಇದರ ಹೆಸರೇನು?"

ಪತ್ರ ಬರೆಯುವವನಿಗೆ ಹೆಸರಿನ ಅವಸರವಿಲ್ಲ.
ಮೂವತ್ತೆಂಟು ವರ್ಷ ಬರೆದು ತಿಳಿದದ್ದು ಇಷ್ಟು:
ಸ್ವತ್ತು ತಾನು ಯಾವುದೆಂದು ತಾನೇ ಹೇಳುವುದಿಲ್ಲ,
ಅಕ್ಕಪಕ್ಕದವರು ಹೇಳಬೇಕು.
ಓದು ಮಗು, ಬರೆದುಕೊಳ್ಳುತ್ತೇನೆ.

ಪೂರ್ವಕ್ಕೆ: ಕೊಲರಾಡೊ.
ಪಶ್ಚಿಮಕ್ಕೆ: ನೆವಾಡಾ.
ದಕ್ಷಿಣಕ್ಕೆ: ಅರಿಜೋನಾ.
ಉತ್ತರಕ್ಕೆ: ಐಡಾಹೊ, ಅಲ್ಲದೆ
ಮೂಲೆ ಕಡಿದುಕೊಂಡು ಒಳಗೆ ಬಂದಿರುವ ವಯೋಮಿಂಗ್.
ಈಶಾನ್ಯ ಕಟ್ಟಾದ ಸೈಟು!
ಇಲ್ಲಿ ಆಗಿದ್ದರೆ ಚದರಡಿಗೆ ಇನ್ನೂರು ಇಳಿಸಿ ಕೇಳುತ್ತಿದ್ದರು.

"ನ್ಯೂ ಮೆಕ್ಸಿಕೊ ಬಿಟ್ಟುಬಿಟ್ರಿ."
ಅದು ಮೂಲೆಗೆ ಮೂಲೆ ಮುಟ್ಟುತ್ತದೆ ಅಷ್ಟೇ.
ಅಡಿ ಸೊನ್ನೆ, ಅಂಗುಲ ಸೊನ್ನೆ.
ಅಳತೆ ಇಲ್ಲದ್ದು ಚೆಕ್ಕುಬಂದಿಗೆ ಬರುವುದಿಲ್ಲ.
"ಮುಟ್ಟುತ್ತಲ್ಲ?"

ಲಿಂಗರಾಜಪುರದ ನಮ್ಮ ಮನೆಗೆ
ಫಿಲೋಮಿನಾಳ ಮನೆ ಮೂಲೆಗೆ ಮೂಲೆ.
ನಮ್ಮ ಪತ್ರದಲ್ಲಿ ಆಕೆಯ ಹೆಸರಿಲ್ಲ.
ಹೆಂಡತಿ ಬಚ್ಚಲಲ್ಲಿ ಬಿದ್ದ ರಾತ್ರಿ
ನೈಟಿ ಎತ್ತಿಕಟ್ಟಿ ಗೋಡೆ ಹಾರಿ ಬಂದವಳು ಆಕೆಯೇ.

ಬರೆದೆ. ಆಗ್ನೇಯಕ್ಕೆ: ನ್ಯೂ ಮೆಕ್ಸಿಕೊ, ಒಂದು ಚುಕ್ಕೆ.

ರುಮಾನ ಅಪ್ಪನ ಫೋನು ನೋಡಿ ಹೇಳುತ್ತಾಳೆ:
ಪೂರ್ವದ ಆ ಗೆರೆ ನೇರವಿಲ್ಲವಂತೆ.
ಅಳೆಯಲು ಹೋದವರು ಎಲ್ಲೋ ಪಶ್ಚಿಮಕ್ಕೆ ವಾಲಿದರು,
ಕಲ್ಲು ನೆಟ್ಟುಕೊಂಡೇ ಮುಂದೆ ನಡೆದರು.
ನೆಟ್ಟ ಕಲ್ಲನ್ನು ಎರಡೂ ಕಡೆಯವರು ಒಪ್ಪಿದರು,
ತಪ್ಪೇ ಗಡಿಯಾಯಿತು.

ಹೊರಮಾವಿನ ಪತ್ರವೊಂದರಲ್ಲಿ ನಾನು
ಮೂವತ್ತನ್ನು ಮೂವತ್ತಮೂರು ಬರೆದಿದ್ದೆ.
ತಿದ್ದುಪಡಿ ಪತ್ರಕ್ಕೆ ಯಾರೂ ಬರಲಿಲ್ಲ. ಕೋರ್ಟಿಗೆ ಹೋದರು.
ಆ ಮೂರಡಿಯಲ್ಲಿ ಈಗ ಒಂದು ಕರಿಬೇವು,
ಎರಡೂ ಮನೆಯವರು ಕಿತ್ತುಕೊಳ್ಳುತ್ತಾರೆ,
ಒಬ್ಬರು ಬೆಳಿಗ್ಗೆ, ಒಬ್ಬರು ಕತ್ತಲಾದ ಮೇಲೆ.

"ಅಲ್ಲಿ ಸಮುದ್ರ ಇಲ್ಲ ತಾತ. ಉಪ್ಪಿನ ಕೆರೆ ಇದೆ."
ಹೊಳೆಗಳು ಒಳಗೆ ಬರುತ್ತವೆ, ಕೋಡಿ ಇಲ್ಲ.
ಬಂದ ನೀರಿಗೆ ಇರುವ ದಾರಿ ಆಕಾಶ ಒಂದೇ.
ಅದೂ ವರ್ಷವರ್ಷ ಒಳಸರಿಯುತ್ತಿದೆಯಂತೆ.

ಅಪ್ಪ ಬರೆದ ಪತ್ರಗಳು ನೆನಪಾಗುತ್ತವೆ:
ಪೂರ್ವಕ್ಕೆ ಮುನಿಶಾಮಪ್ಪನ ಸೊಪ್ಪಿನ ತೋಟ,
ದಕ್ಷಿಣಕ್ಕೆ ಕತ್ತಾಳೆ ಬೇಲಿ, ಉತ್ತರಕ್ಕೆ ಗಾಡಿ ಜಾಡು,
ಪಶ್ಚಿಮಕ್ಕೆ ಕೆರೆ ಅಂಗಳ.
ಬ್ಯಾಂಕಿನ ವಕೀಲರು ಪೆನ್ಸಿಲಿನಲ್ಲಿ ಸುತ್ತು ಹಾಕಿ
ವಾಪಸ್ಸು ಕಳಿಸುತ್ತಾರೆ: ಕೆರೆ ಎಲ್ಲಿ?
ನಾಲ್ಕು ನೆರೆಯೂ ಹೋದವು.
ನಡುವಿನದೊಂದೇ ಉಳಿದಿದೆ, ಗುರುತು ಹೇಳುವವರಿಲ್ಲದೆ.

ಈ ಮಧ್ಯೆ ಇರುವ ಸ್ವತ್ತು, ಎಂದು ಬರೆದು ನಿಲ್ಲಿಸಿದೆ.
"ಯೂಟಾ!" ಎಂದಳು ರುಮಾನ.

ಹಳೇ ಫೈಲಿನ ರಟ್ಟು ತೆಗೆದುಕೊಂಡು
ತೂತಿನ ಅಂಚಿಗೆ ಪೆನ್ಸಿಲು ಆಡಿಸಿದೆವು.
ನಯಾಜ ಕತ್ತರಿ ಕೊಟ್ಟ.
ಸರ್ವರ್ ಬಂತು ಎಂದು ಒಳಗಿಂದ ಯಾರೋ ಕೂಗಿದರು,
ಜನ ಎದ್ದು ಸಾಲಾದರು.
ತುಂಡು ಒಂದು ಕೂದಲೆಳೆ ದೊಡ್ಡದಾಗಿತ್ತು.
ಕೊಲರಾಡೊ ಕಡೆ ಒತ್ತಿದರೆ
ಅರಿಜೋನಾ ಏಳುತ್ತದೆ,
ಅವಳು ಎರಡು ಹೆಬ್ಬೆಟ್ಟಿನಲ್ಲಿ ಅದನ್ನು ಒತ್ತಿ ಹಿಡಿದು
ನನ್ನ ಮುಖ ನೋಡುತ್ತಾಳೆ.