ಒಂಬತ್ತು ಚೌಕ

ಚುನಾವಣೆ ಬಂದಾಗೆಲ್ಲ ಒಂದೇ ಮುಖವನ್ನು
ರಾಯದುರ್ಗದ ಅರವತ್ತು ಗೋಡೆಗೆ ಬರೆದವನು ನಾನು.
ಸುಣ್ಣದ ದಾರ ಚಿಮ್ಮಿ ಚೌಕ ಹಾಕಿ
ಮೂರನೇ ಮನೆಗೆ ಎಡಗಣ್ಣು,
ಐದನೇ ಮನೆಗೆ ಮೀಸೆಯ ತುದಿ.
ಬಸ್‌ಸ್ಟ್ಯಾಂಡಿನಲ್ಲಿ ನಕ್ಕವನು
ಸಂತೆ ಬೀದಿಯಲ್ಲೂ ಅಷ್ಟೇ ಹಲ್ಲು ತೋರಿಸಬೇಕು,
ಒಂದು ಹೆಚ್ಚಾದರೆ ಕೂಲಿ ಮುರಿಯುತ್ತಿದ್ದರು.

ಫ್ಲೆಕ್ಸ್ ಬಂತು, ಗೋಡೆ ಹೋಯಿತು.
ಪೇಂಟರ್ ಪೆನ್ನೋಬಳಿ ಎಂಬ ನನ್ನ ಸಹಿ
ಸೈಕಲ್ ಶಾಪಿನ ಹಿಂಗೋಡೆಯಲ್ಲಿ
ತೆಲುಗಿನದು ಮಾತ್ರ ಉಳಿದಿದೆ.
ಕನ್ನಡದ್ದು, ನೀರಿನ ಟ್ಯಾಂಕಿ ಕಟ್ಟುವಾಗ ಬಿತ್ತು.

ಈಗ ರಿಜ್ವಾನಾ ಬಂದಿದ್ದಾಳೆ ಲ್ಯಾಪ್‌ಟಾಪ್ ಹಿಡಿದು.
ಹದಿನೈದು ನಿಮಿಷದ ಸಿನಿಮಾ ಅಂತೆ,
ಜೀನ್ಸ್ ಹೊಲಿಯುವ ನಮ್ಮ ಹೊನ್ನೂರಮ್ಮನದು.
"ಶೂಟಿಂಗಿಗೆ ಮುಂಚೆ ಒಂಬತ್ತು ಚಿತ್ರ ಬೇಕು ಮಾಮಾ.
ಮಷೀನೇ ಬರೀತದೆ. ನೀವು ಪಕ್ಕ ಕೂತು
ಸರಿ ಯಾವುದು, ತಪ್ಪು ಯಾವುದು, ಅಷ್ಟು ಹೇಳ್ರಿ."

ಹೇಳಿದೆ ಕನ್ನಡದಲ್ಲಿ. ಅವಳು ಇಂಗ್ಲಿಷಿಗೆ ತಿರುವಿದಳು:
ನಲವತ್ತರ ಹೆಂಗಸು. ಬಲಹುಬ್ಬಿನ ಮೇಲೆ ಹಳೆಯ ಗಾಯ.
ಕಂದು ಸೀರೆ. ಸೊಂಟಕ್ಕೆ ಸಿಕ್ಕಿಸಿದ ಕತ್ತರಿ.
ಬೆರಳಿಗೆ ಜೀನ್ಸಿನ ಬಣ್ಣ ಹತ್ತಿರಲಿ.

ಒಂದನೇ ಚೌಕದಲ್ಲಿ ಬಂದಳು, ಪರವಾಗಿಲ್ಲ ಎನ್ನುವಂತೆ.
ಎರಡರಲ್ಲಿ ಅವಳ ತಂಗಿ.
ಮೂರರಲ್ಲಿ ಯಾವುದೋ ಧಾರಾವಾಹಿಯ ಅತ್ತೆ.
ಗಾಯ, ನಾಲ್ಕರಲ್ಲಿ ಎಡಕ್ಕೆ ನಡೆದಿತ್ತು,
ಐದರಲ್ಲಿ ಹರಳಿನ ಬಿಂದಿಯಾಗಿ ಮಿಂಚಿತು,
ಆರರಲ್ಲಿ ಮುಲಾಮಿನ ಖರ್ಚಿಲ್ಲದೆ ಮಾಯ.
ಕತ್ತರಿಗೆ ಒಮ್ಮೆ ಮೂರು ಬಾಯಿ.

ಸೀಡ್ ನಂಬರ್ ಬದಲಿಸಬಾರದು ಅಂದಳು ರಿಜ್ವಾನಾ.
ಒಂದು ಸಂಖ್ಯೆ ಗಟ್ಟಿ ಹಿಡಿದರೆ
ಮುಖ ಅತ್ತಿತ್ತ ಅಲುಗುವುದಿಲ್ಲವಂತೆ.
ನಮ್ಮ ಕಡೆ ಒಂದೇ ಚೀಲದ ಶೇಂಗಾ ಬಿತ್ತಿದರೂ
ಒಂದು ಗಿಡದಂಗೆ ಇನ್ನೊಂದಿಲ್ಲವಲ್ಲಮ್ಮ, ಅಂದೆ.
ನಕ್ಕಳು, ನಂಬರ್ ಒತ್ತಿದಳು.
ಎದುರಿನ ಮುಖ, ಪಕ್ಕದ ಮುಖ, ಅರೆ ತಿರುಗಿದ ಮುಖ
ಮೂರನ್ನೂ ಮುಂದಿಟ್ಟು, ಇವಳೇ, ಇವಳೇ ಎಂದು
ಮಗುವಿಗೆ ಮಗ್ಗಿ ಹೇಳಿಕೊಟ್ಟಂತೆ ಕೊಟ್ಟಳು.

ಮೂರನೇ ರಾತ್ರಿ ಮುಖ ನಿಂತಿತು.
ಒಂಬತ್ತರಲ್ಲೂ ಒಬ್ಬಳೇ. ಗಾಯ ಗಾಯದ ಜಾಗದಲ್ಲಿ.
ನನ್ನ ದಾರ, ನನ್ನ ಸುಣ್ಣ ನೆನಪಾಗಿ
ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆದರೆ ಬೆರಳು.
ನೀಲಿ ಅಂದರೆ ಉಗುರುಬಣ್ಣ ಹಚ್ಚಿತು.
ಕೊಳೆ ಅಂದರೆ ಮೋರೆಗೂ ಮಸಿ ಬಳಿದು
ದರ್ಗಾದ ಮೆಟ್ಟಿಲಿಗೆ ಭಿಕ್ಷೆಗೆ ಕೂರಿಸಿತು.
ಕಲೆ ಅಂದೆ. ರಿಜ್ವಾನಾ ಆರ್ಟ್ ಎಂದು ಬರೆದಳು,
ಅಂಗೈ ತುಂಬ ಮೆಹಂದಿ ಬಂತು.
ಏನು ಹೇಳಿದರೂ ಕೊನೆಗೆ
ಒಂಬತ್ತು ಸಲವೂ ಮರೆಯದೆ
ಅವಳ ಕೈ ತೊಳೆದೇ ಕಳಿಸಿತು ಮಷೀನು.

ಇರಲಿ ಎಂದು ಗೇಟಿನ ಹತ್ತಿರ ಪ್ರಿಂಟ್ ತೆಗೆಸಿ
ಹೊನ್ನೂರಮ್ಮನ ಶೆಡ್ಡಿಗೆ ಒಯ್ದೆವು.
ಹನ್ನೊಂದು ವರ್ಷದಿಂದ ಜೇಬು ಮಾತ್ರ ಹೊಲಿಯುತ್ತಾಳೆ,
ಇಡೀ ಪ್ಯಾಂಟನ್ನು ಒಮ್ಮೆಯೂ ಹೊಲಿದಿಲ್ಲ.
ಪೆಡಲ್ ನಿಲ್ಲಿಸಿ ಹಾಳೆ ಇಸಕೊಂಡಳು.
ಪೀಸ್ ಎಣಿಸುವ ಹಾಗೆ, ಮೂಲೆ ಹಿಡಿದು,
ಸರಸರ ಒಂಬತ್ತನ್ನೂ ಸರಿಸಿದಳು.
"ಯಾರೀಕಿ, ಬಳ್ಳಾರಿಯಾಕಿನಾ?" ಅಂದಳು. ಆಮೇಲೆ,
"ಸೂಜಿಗೆ ದಾರನೇ ಇಲ್ಲಲ್ಲೋ ಪೆನ್ನೋಬಳಿ!"
ಮೇಸ್ತ್ರಿ ಕೂಗಿದ.
ಹಾಳೆ ನನ್ನ ಕೈಗಿಟ್ಟು ಪೆಡಲ್ ಒತ್ತಿದಳು.

ಮನೆಗೆ ಬಂದು ಮಂಚದ ಮೇಲೆ ಹರಡಿದೆವು.
ಒಂದರ ಬಲಮೂಲೆಯಲ್ಲಿ ನೀಲಿ ಹೆಬ್ಬೆಟ್ಟು.
ಎರಡರಲ್ಲೂ ಅಲ್ಲೇ. ಮೂರರಲ್ಲೂ.
ಒಂಬತ್ತರ ಹೊತ್ತಿಗೆ ಬಣ್ಣ ತೆಳುವಾಗಿತ್ತು,
ಆದರೂ ಅದೇ ಸುಳಿ,
ಸೂಜಿ ಹೊಕ್ಕ ಅದೇ ಅಡ್ಡಗೀರು.

"ಕಲೆಯಾಗಿದೆ ಮಾಮಾ," ಅಂದಳು ರಿಜ್ವಾನಾ,
"ಬೇರೆ ಪ್ರಿಂಟ್ ತೆಗೆಸೋಣ."

ನಾನು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು
ಅಂಚು ತಟ್ಟಿ ಸರಿ ಮಾಡಿದೆ.
ಹೆಬ್ಬೆಟ್ಟಿನ ಮೇಲೆ ಹೆಬ್ಬೆಟ್ಟು ಕೂತಿತು.