ಬಿಸಿಲಿಗೆ ಬೀಳುವ ಗೋಡೆ

ನನ್ನ ಚೀಲದಲ್ಲಿ ಐವತ್ತು ಅಡಿಯ ಟೇಪು,
ಅರ್ಧ ಚಾರ್ಜಿನ ಟ್ಯಾಬು, ರೊಟ್ಟಿ, ಶೇಂಗಾ ಹಿಂಡಿ,
ಮತ್ತು ಮೂರು ಅಕ್ಷರ.
ಎ ಅಂದರೆ ಮನೆ ಮುಕ್ಕಾಲಿಗಿಂತ ಹೆಚ್ಚು ಹೋಗಿದೆ.
ಬಿ ಅಂದರೆ ಕಾಲರಿಂದ ಮುಕ್ಕಾಲು.
ಸಿ ಅಂದರೆ ಏನೆಂದು ಕೇಳಿದರೆ
ಜೆಇ ಸಾಹೇಬರು ಚಹಾದ ಕಪ್ಪು ನೋಡುತ್ತಾರೆ.

ಭೀಮೆ ಇಳಿದು ನಾಲ್ಕನೇ ದಿನ.
ಜೇವರ್ಗಿಯ ಬಸ್ಸು ಕ್ರಾಸಿನವರೆಗೆ,
ಮುಂದೆ ತಳವಾರ ಮರೆಪ್ಪನ ಗಾಡಿ,
ಅದು ಹೂತಲ್ಲಿಂದ ಕಾಲು.
ಎರೆಮಣ್ಣು ಚಪ್ಪಲಿ ಕೇಳಿತು, ಕೊಟ್ಟೆ.
ಹಗೇವಿಗೆ ನೀರು ಹೊಕ್ಕು ಹುಳಿಯೆದ್ದ ಜೋಳದ ವಾಸನೆ
ಊರಿಗಿಂತ ಮೊದಲು ಎದುರಾಯಿತು.

‘ರೊಕ್ಕದ ಮೇಡಮ್ಮ ಬಂದ್ಲು’ ಎಂದು ಹುಡುಗರು ಬೆನ್ನಿಗೆ.
ರೊಕ್ಕ ನಾನು ಕಂಡಿಲ್ಲ.
ಅದು ಎಲ್ಲೋ ಮೇಲಿಂದ ನೇರ ಖಾತೆಗೆ ಇಳಿಯುತ್ತದೆ,
ನನ್ನ ಕೈಲಿರುವುದು ಬರೀ ಅಳತೆ.

ಬಿದ್ದ ಮನೆಯ ಮುಂದೆ ಮನೆಯವರು ನಿಲ್ಲಬೇಕು,
ಫೋಟೊದಲ್ಲಿ ಇಬ್ಬರೂ ಕಾಣಬೇಕು. ಅದು ನಿಯಮ.
ಟ್ಯಾಬು ಎತ್ತಿದರೆ ಸಾಕು
ಗಂಡಸರು ಟೋಪಿ ಸರಿಮಾಡಿಕೊಳ್ಳುತ್ತಾರೆ,
ಹೆಂಗಸರು ಸೆರಗು,
ಕೂಸಿನ ಮೂಗು ಒರೆಸಿ ಎಲ್ಲರೂ ನಗುತ್ತಾರೆ,
ಮದುವೆಯಲ್ಲಿ ನಿಂತಂತೆ.
ನಗಬ್ಯಾಡ್ರಿ, ಎನ್ನುತ್ತೇನೆ.
ನಕ್ಕ ಫೋಟೊ ಹೋದ ಸಲ ತಿರುಗಿ ಬಂದಿತ್ತು,
‘ಸಂತ್ರಸ್ತರಂತೆ ಕಾಣುವುದಿಲ್ಲ’ ಎಂಬ ಷರಾದೊಡನೆ.
ಎರಡು ವರ್ಷದಿಂದ ಸರಕಾರ ನನಗೆ ಸಂಬಳ ಕೊಡುತ್ತಿರುವುದು
ಜನರ ನಗು ನಿಲ್ಲಿಸುವುದಕ್ಕೆ ಎಂದು
ಮರೆಪ್ಪನ ಹತ್ತಿರ ಅಂದೆ.
ಅವನು ನಕ್ಕ.

ದೇವಿಂದ್ರಪ್ಪ ರಾತ್ರಿ ಹಾರೆ ಹಿಡಿದದ್ದು ಊರಿಗೇ ಗೊತ್ತು.
ನೀರು ಒಡೆದ ಕಲ್ಲಿಗೆ ಕೆಸರಿನ ಬಣ್ಣ,
ಹಾರೆ ಒಡೆದ ಕಲ್ಲು ಹೊಸ ಹಲ್ಲಿನಂತೆ.
ಗೌಂಡಿಯ ಮಗಳಿಗೆ ಅಷ್ಟೂ ತಿಳಿಯದೇ?
ಬಿ ಬರೆದೆ.
ಅವನು ಅಷ್ಟು ಹೊತ್ತೂ ಹಾರೆಯ ಮೇಲೆ ಕೌದಿ ಹಾಸಿ
ಅದರ ಮೇಲೇ ಕೂತಿದ್ದ, ಕದಲದೆ.

ಸಂಜೆಗೆ ಖಾಜಾಬಿಯ ಮನೆ.
ಹಿತ್ತಲ ಗೋಡೆ ಹೋಗಿದೆ, ಪಡಸಾಲೆಯ ಒಂದು ಮೂಲೆ.
ಅಳೆದೆ. ಗುಣಿಸಿದೆ. ಮತ್ತೆ ಅಳೆದೆ,
ಟೇಪು ಸ್ವಲ್ಪ ಸಡಿಲ ಹಿಡಿದು.
ಇಪ್ಪತ್ತಮೂರು.
‘ಯಾವುದ್ರಾಗ ಬರ್ತದ್ರಿ ನಮ್ದು?’
ಇಪ್ಪತ್ತೈದಕ್ಕೆ ಎರಡು ಕಮ್ಮಿ ಎನ್ನಲು
ಬಾಯಿ ಬರಲಿಲ್ಲ.
ಅವಳೇ ಅಂದಳು, ‘ಪಾಸಾಗಲಿಲ್ಲೇನ್ರಿ?’

ಬೀದಿ ಕಡೆಯ ದೊಡ್ಡ ಗೋಡೆ ನಿಂತಿತ್ತು.
ಅಂಗೈ ಇಟ್ಟೆ.
ಜ್ವರದವರ ಹಣೆಯ ಮೇಲಿನ ಒದ್ದೆಬಟ್ಟೆ.
ಅಪ್ಪ ತೂಗುಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ
ಹೇಳುತ್ತಿದ್ದ ಮಾತು ಅಂಗೈಗೆ ಬಂತು:
ಮಣ್ಣಿನ ಗ್ವಾಡಿ ನೀರಾಗ ಬೀಳಂಗಿಲ್ಲ ಮಗಳ,
ನೀರು ಹೋಗಿ ಬಿಸಿಲು ಬಿತ್ತಲ್ಲ, ಆಗ ಬೀಳ್ತದ.

ಒಮ್ಮೆ ಕಳಿಸಿದರೆ ತಿದ್ದಲಾಗದು. ಅದೂ ನಿಯಮ.
ಟ್ಯಾಬಿನ ಮೇಲೆ ನಾಲ್ಕು ಕಡ್ಡಿ ಸಿಗ್ನಲ್ಲು.
‘ಸಿಗ್ನಲ್ ಇಲ್ರಿ, ನಾಳಿಗಿ ಬರ್ತೀನಿ’ ಅಂದೆ.
ಮರೆಪ್ಪ ನನ್ನನ್ನು ನೋಡಿದ, ಟ್ಯಾಬನ್ನು ನೋಡಿದ,
ಬೀಡಿ ಹಚ್ಚಲು ಆ ಕಡೆ ತಿರುಗಿದ.

ರಾತ್ರಿ ಶಾಲೆಯ ಬೆಂಚಿನ ಮೇಲೆ ಮಲಗಿ
ಒಂದು ಗೋಡೆ ಬೀಳಲಿ ಎಂದು ಬೇಡಿಕೊಂಡೆ.
ಬೇಡಿಕೊಂಡ ಮೇಲೆ ಎದ್ದು ಕೂತೆ.
ಕತ್ತಲಲ್ಲಿ ಓಣಿ ಹುಡುಕಿಕೊಂಡು ಓಡಿದೆ,
ಬರಿಗಾಲಲ್ಲಿ, ನಾಯಿಗಳನ್ನು ಎಬ್ಬಿಸುತ್ತ.

ಕಂದೀಲು ಸಣ್ಣಗೆ ಉರಿಯುತ್ತಿತ್ತು.
ಅದೇ ಗೋಡೆಗೆ ಬೆನ್ನು ಕೊಟ್ಟು
ಖಾಜಾಬಿ ಮೊಮ್ಮಗಳ ತಲೆ ಬಾಚುತ್ತಿದ್ದಳು.
‘ಒಳಗ ಮಲಗಬ್ಯಾಡ್ರಿ’ ಅಂದೆ, ಏದುಸಿರಲ್ಲಿ.
‘ಯಾಕ್ರಿ? ನಿಂತದಲ್ಲ,’ ಅಂದಳು,
‘ನೀವೇ ಬರಕೊಂಡೀರಿ.’